ಮುನ್ನೂರ ಹನ್ನೆರಡನೇ ಮರದ ಬುಡದ ಗೆಡ್ಡೆ

ನಮ್ಮ ಭಾವನವರಿಗೆ ಬಾಯಿ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಬೇಡದ ಕಡೆ ಬೇಕಾದಷ್ಟಿದೆ. ಬೇಕಾದ ಕಡೆ ಮಾತ್ರ ಅದು ಬೀಗ ಹಾಕಿದ ಬಾಗಿಲು, ಕೀಲಿ ಎಲ್ಲಿಟ್ಟಿದ್ದೇನೆಂದು ಅವರಿಗೇ ನೆನಪಿರುವುದಿಲ್ಲ. ನನ್ನ ಅಕ್ಕ ಹದಿನಾರು ವರ್ಷ ಆ ಬಾಗಿಲ ಮುಂದೆ ಕೂತು ಸಂಸಾರ ಮಾಡಿದಳು. ಆಮೇಲೆ ಒಂದು ದಿನ ಎದ್ದು ಹೋದಳು. ಅವಳು ತಿರುಗಿ ಬರುವುದಕ್ಕೆ ಒಂದು ಸುವರ್ಣಗೆಡ್ಡೆ, ಒಂದು ತೇಗದ ಮರ, ಒಬ್ಬ ಅಧಿಕಾರಿ ಮತ್ತು ಒಂದು ಡಬ್ಬಿ ಹಳದಿ ಬಣ್ಣ ಬೇಕಾದವು. ಎರಡೇ ಎರಡು ಮಾತಿನಲ್ಲಿ ಮುಗಿಯುವ ಕೆಲಸವಾಗಿತ್ತು ಅದು.

ನಮ್ಮದು ತೇಗದ ತೋಟ. ನಮ್ಮ ಭಾಗಕ್ಕೆ ಒಂಬೈನೂರು ಮರ, ಒಂದೊಂದಕ್ಕೂ ಒಂದೊಂದು ನಂಬರು. ಇಲ್ಲಿನ ಪದ್ಧತಿ ಏನೆಂದರೆ, ಸಸಿ ನೆಟ್ಟ ಮೊದಲ ಕೆಲವು ವರ್ಷ ಸಾಲುಗಳ ನಡುವೆ ಕೆಲಸದವರು ಗೆಡ್ಡೆಗೆಣಸು ಬೆಳೆದುಕೊಳ್ಳಬಹುದು. ಅವರು ತಮ್ಮ ಗೆಡ್ಡೆಗೆ ಕಳೆ ಕಿತ್ತರೆ ಮರಕ್ಕೂ ಕಿತ್ತ ಹಾಗಾಯಿತು ಎಂಬುದು ತೋಟದವರ ಜಾಣತನ. ಮರ ಬೆಳೆದು, ನೆತ್ತಿಗೆ ನೆತ್ತಿ ಕೂಡಿ ನೆರಳು ಮುಚ್ಚಿತೆಂದರೆ ಗೆಡ್ಡೆಯವರು ಗುದ್ದಲಿ ಹೊತ್ತು ಮುಂದಿನ ಎಳೆಯ ತೋಪಿಗೆ ಹೋಗಬೇಕು. ಅಂದರೆ ಇವರು ಯಾರ ಬುಡಕ್ಕೆ ಮಣ್ಣು ಏರಿಸುತ್ತಾರೋ ಅವನೇ ದೊಡ್ಡವನಾಗಿ ಇವರನ್ನು ಓಡಿಸುತ್ತಾನೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಭಾವ ಇಲ್ಲಿ ಸುತ್ತಳತೆ ಗುಮಾಸ್ತರು. ಮೂರು ತಿಂಗಳಿಗೊಮ್ಮೆ ಪ್ರತಿ ಮರದ ಎದೆಮಟ್ಟಕ್ಕೆ ಟೇಪು ಸುತ್ತಿ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದು, ಬೆಳೆಯದ ಸಣಕಲು ಮರಗಳಿಗೆ ಕಡಿಯಲಿಕ್ಕೆಂದು ಹಳದಿ ಬಣ್ಣ ಬಳಿಯುವುದು, ಇವೆರಡು ಅವರ ಉದ್ಯೋಗ. ನಾನು ತೂಕದ ಗುಮಾಸ್ತ. ತೋಟದಿಂದ ಹೊರಗೆ ಹೋಗುವ ಮರ, ಗೆಡ್ಡೆ, ಎಲ್ಲ ನನ್ನ ತೂಕದ ಕಟ್ಟೆಯ ಮೇಲೆ ಹತ್ತಿ ಇಳಿದೇ ಹೋಗಬೇಕು. ಹೀಗಾಗಿ ನಮ್ಮ ಮನೆತನದಲ್ಲಿ ಅಳತೆ ತಪ್ಪುವುದು ದೊಡ್ಡ ಪಾಪ.

ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ದೊಡ್ಡಕ್ಕ ಮೆಟ್ಟಿಲು ಜಾರಿ ಮಣಿಕಟ್ಟು ಮುರಿದುಕೊಂಡಳು. ಎರಡು ತಿಂಗಳು ಬಂದು ಅಂಗಡಿ ನೋಡಿಕೋ ಎಂದು ಅಕ್ಕನನ್ನು ಕರೆದಳು. ಅಕ್ಕ ಭಾವನ ಮುಖ ನೋಡಿದಳು. ಆಗ ಅಂಗಳದಲ್ಲಿ ನಾನಿದ್ದೆ, ನನ್ನ ಹೆಂಡತಿ ಇದ್ದಳು, ನೀರಿಗೆ ಬಂದ ನಾಲ್ಕು ಜನ ಇದ್ದರು. ಇಷ್ಟು ಜನರ ಮುಂದೆ ಗಂಡಸು ಹೆಂಡತಿಯ ಮುಖ ನೋಡಿ ಕರಗಿದರೆ ಮರ್ಯಾದೆ ಏನಾಗಬೇಕು ಎಂದುಕೊಂಡು ಭಾವ ಎದೆ ಉಬ್ಬಿಸಿದರು.

"ಹೋಗು, ಹೋಗು. ಎರಡಲ್ಲ, ಹತ್ತು ತಿಂಗಳು ಇದ್ದು ಬಾ. ನೀನಿಲ್ದಿದ್ರೆ ಇಲ್ಲೇನು ಬೆಳಗಾಗಲ್ವಾ?"

ನೀರಿಗೆ ಬಂದವರು ನಕ್ಕರು. ಅಕ್ಕ ನಗಲಿಲ್ಲ. ಅವತ್ತೇ ಮಧ್ಯಾಹ್ನ ತೆಂಗಿನಕಾಯಿಯಷ್ಟು ದೊಡ್ಡ ಬಿತ್ತನೆ ಗೆಡ್ಡೆಯೊಂದನ್ನು ತೆಗೆದುಕೊಂಡು ಮುನ್ನೂರ ಹನ್ನೆರಡನೇ ಮರದ ಬುಡಕ್ಕೆ ಹೋದಳು. ಅದು ಅವರಿಬ್ಬರೂ ಕೂತು ಊಟದ ಡಬ್ಬಿ ಬಿಚ್ಚುವ ಮರ. ಮರದಿಂದ ನಾಲ್ಕಡಿ ಬಿಟ್ಟು ನೆಡಬೇಕೆಂಬ ನಿಯಮವಿದ್ದರೂ ಅಕ್ಕ ಒಂದೇ ಅಡಿ ದೂರದಲ್ಲಿ ಗುಂಡಿ ತೋಡಿದಳು, ಭಾವ ಊಟಕ್ಕೆ ಕೂತಾಗಲೆಲ್ಲ ಕಣ್ಣಿಗೆ ಬೀಳಲಿ ಎಂದು. ಮಣ್ಣು ಮುಚ್ಚಿ ಕೈ ಕೊಡವಿ ಹೇಳಿದಳು: "ಇದರ ಎಲೆ ಹಳದಿ ಆದ ದಿನ ಹೇಳಿ. ಬರ್ತೀನಿ. ಅಲ್ಲೀವರೆಗೆ ಇಲ್ಲಿ ಬೆಳಗಾಗ್ತಾ ಇರ್ಲಿ."

ಸುವರ್ಣಗೆಡ್ಡೆ ಬಲಿಯಿತೆಂದರೆ ಅದರ ಎಲೆ ಹಳದಿಯಾಗಿ ಬೀಳುತ್ತದೆ. ಎಂಟೊಂಬತ್ತು ತಿಂಗಳ ಮಾತು. ಭಾವ ನಕ್ಕು, "ಆಯ್ತು ಮಹಾರಾಯ್ತಿ" ಅಂದರು. ಮರುದಿನ ಪೇಟೆಗೆ ಹೋಗುವ ಟ್ರಾಕ್ಟರ್ ಕಾಯುತ್ತ ಇಬ್ಬರೂ ನನ್ನ ತೂಕದ ಕಟ್ಟೆಯ ಮೇಲೆ ನಿಂತಿದ್ದರು. ಕೈ ಸುಮ್ಮನಿರದೆ ನಾನು ಮುಳ್ಳು ನೋಡಿ ಬರೆದಿಟ್ಟೆ. ಇಬ್ಬರೂ ಸೇರಿ ನೂರ ಇಪ್ಪತ್ತೆರಡು ಕಿಲೋ. ಟ್ರಾಕ್ಟರ್ ಬಂತು, ಅಕ್ಕ ಇಳಿದಳು. ಮುಳ್ಳು ಅರವತ್ತೆಂಟಕ್ಕೆ ಬಂದು ನಿಂತಿತು.

ನಮ್ಮ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಆ ತೂಕದ ಕಟ್ಟೆಯ ಮೇಲೆ. ಅದಕ್ಕೆ ನಾನು ಹೊಣೆಯಲ್ಲ. ಭಾನುವಾರ ಹತ್ತು ಗಂಟೆಗೆ ಭಾವ ಬಂದು ನನ್ನ ಫೋನು ತೆಗೆದುಕೊಂಡು ಕಟ್ಟೆ ಹತ್ತುತ್ತಿದ್ದರು. ಸ್ಪೀಕರ್ ಆರಿಸುವುದು ಅವರಿಗೆ ಬರುತ್ತಿರಲಿಲ್ಲ, ನಾನೂ ಹೇಳಿಕೊಡಲಿಲ್ಲ.

"ಹಲೋ."

"ಹೂಂ."

"ಮೊಳಕೆ ಬಂತಾ?"

"ಇನ್ನೂ ಇಲ್ಲ."

"ಊಟ?"

"ಆಯ್ತು."

"ಏನು?"

"ಅದೇ."

"ಸರಿ. ಇಡ್ಲಾ?"

"ಇಡು."

ಇಷ್ಟು ಮಾತಾಡಲು ಭಾವ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಚಪ್ಪಲಿ ಒರೆಸಿಕೊಂಡು ಬಂದಿದ್ದರು. ಫೋನು ನನ್ನ ಕೈಗೆ ಕೊಟ್ಟು, "ಆರಾಮಾಗಿದಾಳೆ" ಎಂದು ಹೇಳಿ ಹೋದರು. ಆ ಮಾತು ಯಾವ ವಾಕ್ಯದಿಂದ ತಿಳಿಯಿತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಎರಡು ತಿಂಗಳು ಆರಾಯಿತು. ದೊಡ್ಡಕ್ಕನ ಮಣಿಕಟ್ಟು ಕೂಡಿತು, ಆದರೆ ಅಂಗಡಿಗೆ ಗಿರಾಕಿ ಹೆಚ್ಚಾದರು. ಎಲೆ ಹಳದಿಯಾಗಲಿ ಎಂದು ಅಕ್ಕ ಅಲ್ಲಿ ಕಾದಳು, ಭಾವ ಇಲ್ಲಿ ಕಾದರು. ಪಕ್ಕದ ಮನೆಯವನಾದ್ದರಿಂದ ನನಗೆ ಎಲ್ಲ ಕಾಣುತ್ತಿತ್ತು. ಬೆಳಿಗ್ಗೆ ಅವರು ಎರಡು ಲೋಟ ತೊಳೆದು ಬೋರಲು ಹಾಕುತ್ತಿದ್ದರು, ಕುಡಿಯುತ್ತಿದ್ದದ್ದು ಒಂದರಲ್ಲಿ. ಅಕ್ಕ ಬಿಟ್ಟು ಹೋದ ಹಳೆಯ ಚಪ್ಪಲಿಯ ಧೂಳು ಕೊಡವಿ ಬಾಗಿಲ ಪಕ್ಕ ಇಡುತ್ತಿದ್ದರು, ಈಗ ತಾನೇ ಒಳಗೆ ಹೋದವರ ಚಪ್ಪಲಿಯ ಹಾಗೆ. ಅಂಗಿಯ ಗುಂಡಿ ಬಿದ್ದರೆ ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡು ಅಂಗಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ, "ಕೊಡಿ ಅಣ್ಣ, ಎರಡು ನಿಮಿಷದ ಕೆಲಸ" ಅಂದರೆ, "ಇರ್ಲಿ ಬಿಡಮ್ಮ, ಅವಳು ಬಂದ್ಮೇಲೆ ಅವಳಿಗೂ ಏನಾದ್ರೂ ಕೆಲಸ ಬೇಕಲ್ಲ" ಅನ್ನುತ್ತಿದ್ದರು. ತೂಕದ ಮುಳ್ಳು ಅರವತ್ತಾರಕ್ಕೆ ಬಂದಿತ್ತು.

ಆದರೆ ಗೆಡ್ಡೆಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಬೆಳಿಗ್ಗೆ ಎರಡು ಬಕೆಟ್ ನೀರು, ಸಂಜೆ ಎರಡು ಬಕೆಟ್, ವಾರಕ್ಕೊಂದು ಬುಟ್ಟಿ ಗೊಬ್ಬರ. ಒಂದೇ ಕಾಂಡ, ಅದರ ತಲೆಯ ಮೇಲೆ ಛತ್ರಿಯಂಥ ಎಲೆ, ಆಳೆತ್ತರ. ಮಧ್ಯಾಹ್ನ ಭಾವ ಅದರ ಕೆಳಗೇ ಊಟಕ್ಕೆ ಕೂರುತ್ತಿದ್ದರು. ಬಾಯಿಗೆ ಬೀಗ ಹಾಕಿದ ಮನುಷ್ಯ ಅಲ್ಲಿ ಮಾತ್ರ ಏನೇನೋ ಮಾತಾಡುತ್ತಿದ್ದರಂತೆ. ಕಳೆ ಕೀಳುವ ಹೆಂಗಸರು ಕೇಳಿಸಿಕೊಂಡು ಬಂದು ನನ್ನ ಹೆಂಡತಿಗೆ ಹೇಳಿದರು. ಇವಳು ಅದನ್ನು ಕೇಳಿ, "ನಿಮಗೆ ಗೆಡ್ಡೆ ಹತ್ರಾನೂ ಮಾತಾಡೋಕೆ ಬರಲ್ಲ" ಎಂದು ನನಗೆ ಅಂದಳು.

ತಡೆಯಲಾರದೆ ನಾನೇ ಒಂದು ದಿನ ಅಕ್ಕನಿಗೆ ಫೋನು ಮಾಡಿದೆ. "ಬಂದುಬಿಡೇ. ನಿನ್ನ ದಾರಿ ನೋಡಿ ನೋಡಿ ಸೊರಗಿ ಹೋಗ್ತಿದಾರೆ."

"ಹಾಗಂತ ಅವರು ಹೇಳಿದ್ರಾ?"

"ಹೇಳೋದೇನು ಬಂತು, ಕಾಣುತ್ತಲ್ಲ."

"ನಿನಗೆ ಕಂಡ್ರೆ ನಾನೇನು ಮಾಡ್ಲಿ? ಅವರ ಬಾಯಿ ಎಲ್ಲಿ ಹೋಯ್ತು? ಎಲೆ, ಕಾಂಡ, ಗೊಬ್ಬರ. ಆರು ತಿಂಗಳಿಂದ ಇದೇ. ಹತ್ತು ಜನರ ಮುಂದೆ ನಾನು ಬೇಡ ಅಂದವರು ಒಬ್ಬಳ ಕಿವಿಗೆ ಬಾ ಅನ್ನಕ್ಕಾಗಲ್ವಾ?" ಎಂದು ಇಟ್ಟುಬಿಟ್ಟಳು. ನಾನು ಭಾವನಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಹಾಗಾದ್ರೆ ಇನ್ನೊಂದು ಬುಟ್ಟಿ ಗೊಬ್ಬರ ಹಾಕ್ಬೇಕು" ಅಂದರು.

ಏಳನೇ ತಿಂಗಳಲ್ಲಿ ಮಣ್ಣು ಬಿರುಕು ಬಿಟ್ಟಿತು. ಇಲ್ಲಿ ನಮ್ಮ ತೋಟದ ಹಿರಿಯ ಕೆಲಸಗಾರ್ತಿ ಬೆರಳಜ್ಜಿಯ ವಿಷಯ ಹೇಳಬೇಕು. ಗೆಡ್ಡೆ ಒಳಗೆ ಊದಿದಂತೆ ಮೇಲಿನ ಮಣ್ಣು ಬಿರಿಯುತ್ತದೆ. ಅಗೆದು ನೋಡುವ ಹಾಗಿಲ್ಲ, ಗಾಳಿ ಕಂಡ ಗೆಡ್ಡೆ ಮುನಿಸಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ ಎಂದು ಎಲ್ಲರ ನಂಬಿಕೆ. ಆದ್ದರಿಂದ ಅಜ್ಜಿ ಬಂದು ಬಿರುಕಿಗೆ ಬೆರಳು ಇಳಿಬಿಟ್ಟು ಕಣ್ಣು ಮುಚ್ಚುತ್ತಾಳೆ. ಒಂದು ಬೆರಳು ಹೋದರೆ ಲೋಟದಷ್ಟು, ಎರಡು ಹೋದರೆ ಮಡಕೆಯಷ್ಟು, ಮೂರು ಹೋದರೆ ಬಿಂದಿಗೆಯಷ್ಟು. ಐವತ್ತು ವರ್ಷದಲ್ಲಿ ಅವಳ ಬೆರಳು ಸುಳ್ಳು ಹೇಳಿಲ್ಲ ಎಂದು ಎಲ್ಲರಿಗಿಂತ ಮೊದಲು ಅವಳೇ ಹೇಳುತ್ತಾಳೆ.

ಅಜ್ಜಿ ಮುನ್ನೂರ ಹನ್ನೆರಡರ ಬುಡದಲ್ಲಿ ಕೂತು ಎರಡು ಬೆರಳು ಬಿಟ್ಟಳು. ಮೂರು ಬಿಟ್ಟಳು. ನಾಲ್ಕನೆಯದೂ ಹೋಯಿತು. ಕಣ್ಣು ತೆರೆದು ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಕಾಲದಲ್ಲಿ ನಾಲ್ಕು ಬೆರಳು ಕಂಡಿಲ್ಲ ಕಣಪ್ಪ. ಒಳಗೆ ಏನೋ ಮಲಗಿದೆ."

ಸುದ್ದಿಗೆ ಕಾಲು ಬಂತು. ಸಂಜೆಗೆ ಗೆಡ್ಡೆ ಹಂಡೆಯಷ್ಟಾಯಿತು, ಮರುದಿನಕ್ಕೆ ಎತ್ತಿನಗಾಡಿ ಬೇಕು ಅಂದರು. ಜನ ಬಂದು ನೋಡಿ, ಕಾಣುವುದು ಬರೀ ಬಿರುಕಾದ್ದರಿಂದ ಬಿರುಕನ್ನೇ ಹೊಗಳಿ ಹೋದರು. ಭಾವನಿಗೆ ಹುರುಪು ಬಂತು. ಮರಕ್ಕೆ ಒಂದು ಕೈ ಊರಿ ನಿಂತು, "ಗೆಡ್ಡೆ ಬೆಳೆಯೋದು ಎಲ್ಲರ ಕೈಲಾಗಲ್ಲ, ಸಹನೆ ಬೇಕು" ಎಂದು ಹುಟ್ಟಿದಾಗಿನಿಂದ ಗೆಡ್ಡೆ ಬೆಳೆದವರಿಗೆ ಪಾಠ ಹೇಳಿದರು. ಭಾನುವಾರ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡು ಮೊದಲ ಸಲ ಒಂದು ಪೂರ್ತಿ ವಾಕ್ಯ ಆಡಿದರು: "ನೀನು ನೆಟ್ಟಿದ್ದು ನಾಲ್ಕು ಬೆರಳಾಗಿದೆ."

ಆ ಕಡೆ ಅಕ್ಕ ನಕ್ಕಳು. ಆ ನಗು ಕೇಳಿ ಭಾವ ಕಟ್ಟೆಯ ಮೇಲೆ ಹಾಗೇ ನಿಂತುಬಿಟ್ಟರು, ಅವಳು ಫೋನು ಇಟ್ಟ ಮೇಲೂ. ಮುಳ್ಳು ಅರವತ್ತನಾಲ್ಕೂವರೆ ತೋರಿಸುತ್ತಿತ್ತು.

ಅದೇ ವಾರ ಮರಗಳ ಅಳತೆ. ಮುನ್ನೂರ ಹನ್ನೊಂದು ಮೂವತ್ತೆಂಟು ಸೆಂಟಿಮೀಟರು, ಮುನ್ನೂರ ಹದಿಮೂರು ಮೂವತ್ತೇಳು. ನಡುವಿನ ಮುನ್ನೂರ ಹನ್ನೆರಡು ನಲವತ್ತೊಂಬತ್ತು. ಭಾವ ಟೇಪನ್ನು ಬೆಳಕಿಗೆ ಹಿಡಿದು ನೋಡಿ, ಮಳೆಗೆ ನೆನೆದು ಕುಗ್ಗಿದೆ ಎಂದು ತೀರ್ಮಾನಿಸಿದರು. ಅಕ್ಕಪಕ್ಕದ ಮರಕ್ಕೆ ಕುಗ್ಗದ ಟೇಪು ಇದಕ್ಕೆ ಮಾತ್ರ ಹೇಗೆ ಕುಗ್ಗಿತು ಎಂದು ನಾನು ಕೇಳಿದೆ. "ನೀನು ತೂಕದವನು, ನಿನಗೆ ಅಳತೆ ಅರ್ಥ ಆಗಲ್ಲ" ಎಂದು ಹೇಳಿ ಪುಸ್ತಕದಲ್ಲಿ ಮೂವತ್ತೊಂಬತ್ತು ಎಂದು ಬರೆದರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಅಳತೆ ತಪ್ಪು, ಸರಿಪಡಿಸಲಾಗಿದೆ' ಎಂದೂ ಸೇರಿಸಿದರು.

ಒಂಬತ್ತನೇ ತಿಂಗಳಲ್ಲಿ ತೋಟದವರ ಗೆಡ್ಡೆಗಳೆಲ್ಲ ಹಳದಿಯಾದವು. ಎಲ್ಲರೂ ಅಗೆದರು, ನಾನು ತೂಗಿದೆ, ಹೋದವು. ಭಾವನ ಗೆಡ್ಡೆ ಮಾತ್ರ ಹಸಿರು. ಹತ್ತನೇ ತಿಂಗಳು, ಅದೇ ಹಸಿರು. ಅಂಥ ಹಸಿರನ್ನು ನಾನು ಜನ್ಮದಲ್ಲಿ ನೋಡಿಲ್ಲ, ನೋಡಿದರೆ ಸಿಟ್ಟು ಬರುತ್ತಿತ್ತು.

ನನ್ನ ಹೆಂಡತಿಗೆ ಮೊದಲು ಹೊಳೆಯಿತು. "ಅಣ್ಣ, ದಿನಾ ನಾಲ್ಕು ಬಕೆಟ್ ನೀರು ಹುಯ್ದರೆ ಅದ್ಯಾಕೆ ಹಳದಿ ಆಗುತ್ತೆ? ನೀರು ನಿಲ್ಲಿಸಿ, ಹದಿನೈದು ದಿನದಲ್ಲಿ ಹಳದಿ."

ಭಾವ ಗಾಬರಿಯಾದರು. "ನಿಲ್ಲಿಸಿ ಅದು ಒಣಗಿ ಹೋದ್ರೆ? ಅವಳು ಬಂದು ಏನು ನೋಡ್ಬೇಕಮ್ಮ?"

"ಒಣಗಿದ್ರೆ ತಾನೇ ಅವರು ಬರೋದು?"

"ಅವಳು ಬರೋ ಗೆಡ್ಡೆ ಅಂತ ತಾನೇ ನಾನು ಇಷ್ಟು ನೋಡಿಕೊಳ್ತಿರೋದು," ಅಂದು ಭಾವ ಬಕೆಟ್ ಎತ್ತಿಕೊಂಡು ಹೋದರು. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇಲ್ಲಿ ಅಮೃತ ಹುಯ್ಯುತ್ತಿದ್ದವರೇ ಸೊರಗುತ್ತಿದ್ದರು.

ಈ ಹಸಿರಿನ ಸುದ್ದಿ ಗೆಡ್ಡೆ ಇಲಾಖೆಗೆ ಮುಟ್ಟಿ, ಅಲ್ಲಿಂದ ಒಬ್ಬ ಅಧಿಕಾರಿ ಬಂದರು. ಕೈಯಲ್ಲಿ ಹದಿನೆಂಟು ಪುಟದ ಫಾರಂ. ನಮ್ಮ ಮ್ಯಾನೇಜರು ಹಿಂದೆ ಹಿಂದೆ. ಅಧಿಕಾರಿ ಎಲೆಯ ಸುತ್ತ ಮೂರು ಸುತ್ತು ಬಂದು, "ನೆರಳಲ್ಲಿ ಹತ್ತು ತಿಂಗಳು ಹಸಿರು ನಿಲ್ಲೋ ತಳಿ. ನಾಲ್ಕು ಬೆರಳು ಬಿರುಕು. ಇದು ಸಾಮಾನ್ಯ ಗೆಡ್ಡೆ ಅಲ್ಲ" ಅಂದರು. "ನೀರು ಕೊಡ್ತೀರಾ?"

"ನಾಲ್ಕು ಬಕೆಟ್."

"ಗೊಬ್ಬರ?"

"ವಾರಕ್ಕೆರಡು ಬುಟ್ಟಿ."

ಅಧಿಕಾರಿ ಫಾರಮ್ಮಿನಲ್ಲಿ 'ವಿಶೇಷ ಆರೈಕೆ: ಏನೂ ಇಲ್ಲ' ಎಂದು ಬರೆದುಕೊಂಡರು. ನಾನು ಇಣುಕಿದ್ದನ್ನು ಕಂಡು, "ಅದನ್ನೆಲ್ಲ ಬರೆದ್ರೆ ತಳಿಯ ಮಹಿಮೆ ಎಲ್ಲಿ ಉಳಿಯುತ್ತೆ?" ಎಂದು ತಗ್ಗಿದ ದನಿಯಲ್ಲಿ ವಿವರಿಸಿದರು. ಆಮೇಲೆ ಗೆಡ್ಡೆಯ ಸುತ್ತ ಹಗ್ಗ ಕಟ್ಟಿಸಿ ಒಂದು ಫಲಕ ನೆಡಿಸಿದರು: ಎಲೆ ಹಳದಿಯಾಗುವ ತನಕ ಅಗೆಯಕೂಡದು. ಹಳದಿಯಾದ ತಕ್ಷಣ ಇಲಾಖೆಗೆ ತಿಳಿಸುವುದು. ಇದುವರೆಗೆ ಗಂಡ ಹೆಂಡತಿಯ ನಡುವಿನ ಮಾತಾಗಿದ್ದದ್ದು ಈಗ ಸರಕಾರಿ ಆದೇಶವಾಯಿತು.

ಹನ್ನೊಂದನೇ ತಿಂಗಳ ಕೊನೆಯ ಭಾನುವಾರ ಅಕ್ಕನ ದನಿ ಬೇರೆ ಥರ ಇತ್ತು.

"ಎಲೆ?"

"ಹಸಿರು."

"ಹೂಂ. ದೊಡ್ಡಕ್ಕ ಒಂದು ಮಾತು ಕೇಳ್ತಿದಾಳೆ. ಅಂಗಡಿ ದೊಡ್ಡದು ಮಾಡ್ತಾಳಂತೆ. ನಾನೂ ಇಲ್ಲೇ ಖಾಯಂ ಆಗಿ ಇದ್ದುಬಿಡು ಅಂತಾಳೆ. ಬರೋ ಭಾನುವಾರದೊಳಗೆ ಹೇಳ್ಬೇಕು. ಏನು ಹೇಳ್ಲಿ?"

ನಾನು ಕೈ ಮುಗಿದು ಭಾವನ ಮುಖ ನೋಡಿದೆ. ಅವರ ತುಟಿ ಅಲುಗಿತು. ಮುಳ್ಳು ಅರವತ್ತರ ಮೇಲೆ ನಡುಗುತ್ತಿತ್ತು.

"ನಿನ್ನಿಷ್ಟ," ಅಂದರು ಭಾವ.

ಫೋನು ಕಟ್ಟಾಯಿತು. ನಾನು ಬೈದೆ. ಹಿರಿಯರಿಗೆ ಬೈಯಬಾರದ ಮಾತಲ್ಲೆಲ್ಲ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ಬಾ ಅಂತ ಹೇಳಬೇಕು ಅಂತಾನೇ ಬಾಯಿ ತೆಗೆದೆ ಕಣೋ. ಅದು ಬಂತು," ಎಂದು ಹೇಳಿ ಹೋದರು. ಅವರ ಬೆನ್ನು ನೋಡಿ ನನಗೆ ಅಳು ಬಂತು.

ಮರುದಿನ ಮಧ್ಯಾಹ್ನ ನನ್ನ ಹೆಂಡತಿ ಕೊಟ್ಟ ಊಟದ ಡಬ್ಬಿ ಕೊಡಲು ಮುನ್ನೂರ ಹನ್ನೆರಡಕ್ಕೆ ಹೋದೆ. ಭಾವ ಹಗ್ಗದ ಒಳಗೆ ತುದಿಗಾಲಲ್ಲಿ ನಿಂತು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಮರಕ್ಕೆ ಬಳಿಯುವ ಹಳದಿ ಬಣ್ಣವನ್ನು ಎಲೆಗೆ ಬಳಿಯುತ್ತಿದ್ದರು. ಒಂದೊಂದು ಗರಿಯ ಮೇಲೂ ಕೆಳಗೂ, ಬಹಳ ಅಚ್ಚುಕಟ್ಟಾಗಿ.

"ಭಾವ, ಅವಳು ಬಂದರೆ ನೋಡಿದ ಕೂಡ್ಲೇ ಗೊತ್ತಾಗುತ್ತೆ."

"ಗೊತ್ತಾಗ್ಲಿ. ನೋಡೋಕಾದ್ರೂ ಬಂದಿರ್ತಾಳಲ್ಲ," ಅಂದರು. ಬಣ್ಣದ ಕೈಯನ್ನು ಯೋಚನೆಯಿಲ್ಲದೆ ಪಕ್ಕದಲ್ಲಿದ್ದ ಮುನ್ನೂರ ಹನ್ನೆರಡಕ್ಕೇ ಒರೆಸಿದರು. ಐದು ಹಳದಿ ಬೆರಳು ಮರದ ಮೇಲೆ ಮೂಡಿದವು. ಆಗ ನಾವಿಬ್ಬರೂ ಅದನ್ನು ಗಮನಿಸಲಿಲ್ಲ.

ಭಾನುವಾರದ ತನಕ ಕಾಯದೆ ನೆಟ್ಟಗೆ ಕಟ್ಟೆಗೆ ಬಂದು ಫೋನು ಮಾಡಿದರು. "ಹಳದಿ ಆಯ್ತು."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ನಿಜವಾಗ್ಲೂ?"

"ಹಳದಿ."

"ಎಷ್ಟು ಹಳದಿ?"

ಭಾವ ತಮ್ಮ ಅಂಗೈ ನೋಡಿಕೊಂಡರು. "ತುಂಬಾ."

"ಬುಧವಾರ ಬರ್ತೀನಿ," ಅಂದಳು ಅಕ್ಕ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಬೆರಳಜ್ಜಿ ಆ ದಾರಿಯಲ್ಲಿ ಹೋದವಳು ಹಳದಿ ಕಂಡು ಮ್ಯಾನೇಜರಿಗೆ ಹೇಳಿದಳು, ಮ್ಯಾನೇಜರು ಇಲಾಖೆಗೆ ಹೇಳಿದರು, ಇಲಾಖೆಯವರೂ ಬುಧವಾರವೇ ಬರುತ್ತೇವೆ ಅಂದರು. ಬುಧವಾರ ಬೆಳಿಗ್ಗೆ ಮುನ್ನೂರ ಹನ್ನೆರಡರ ಸುತ್ತ ಅರ್ಧ ತೋಟ ಸೇರಿತ್ತು. ಅಧಿಕಾರಿ ಬಣ್ಣ ಕಂಡುಹಿಡಿಯದ ಹಾಗೆ ಭಾವ ಅವರಿಗೂ ಎಲೆಗೂ ನಡುವೆ ಕೈ ಚಾಚಿ ನಿಂತು, "ಹತ್ರ ಹೋಗ್ಬೇಡಿ ಸರ್, ಬಲಿತ ಎಲೆ, ಉಸಿರು ತಾಗಿದ್ರೆ ಬಿದ್ದುಹೋಗುತ್ತೆ" ಅನ್ನುತ್ತಿದ್ದರು. ಅಧಿಕಾರಿ ಅದನ್ನೂ ಬರೆದುಕೊಂಡರು.

ಆಗ ಗರಗಸದ ಮೇಸ್ತ್ರಿ ಇಬ್ಬರು ಆಳುಗಳ ಜೊತೆ ಬಂದ. ಸಾಲು ಸಾಲಾಗಿ ನಡೆದು ಹಳದಿ ಬಳಿದ ಮರ ಕಡಿಯುವುದು ಅವನ ಕೆಲಸ. ಜನರನ್ನು ಪಕ್ಕಕ್ಕೆ ಸರಿಸಿ ಗರಗಸವನ್ನು ಮುನ್ನೂರ ಹನ್ನೆರಡರ ಬುಡಕ್ಕೆ ಇಟ್ಟ.

"ಏ, ಏನಯ್ಯ ಇದು?" ಅಂದರು ಭಾವ.

"ಹಳದಿ ಇದೆಯಲ್ಲ ಗುಮಾಸ್ತರೇ."

"ಇದು ಕಡಿಯೋ ಮರ ಅಲ್ಲ."

"ಹಳದಿ ಕಂಡ್ರೆ ಕಡಿಯೋದು ನನ್ನ ಕೆಲಸ. ಯಾಕೆ ಅಂತ ಕೇಳೋದಲ್ಲ. ಹೋದ ವರ್ಷ ನೀವೇ ಹೇಳಿದ್ದು."

ಭಾವ ಓಡಿಹೋಗಿ ಮರ ತಬ್ಬಿಕೊಂಡರು. "ಕಡಿಯೋ ಹಾಗಿಲ್ಲ. ಇದು ನನ್ನ ಹೆಂಡತಿ ಬರೋ ಮರ."

"ಮರದ ಮೇಲಿಂದ ಬರ್ತಾರಾ?" ಎಂದು ಮೇಸ್ತ್ರಿ ಮೇಲೆ ನೋಡಿದ.

ಮ್ಯಾನೇಜರು ಮುಂದೆ ಬಂದು ಬೆರಳ ಗುರುತು ನೋಡಿದರು. "ಈ ಬಣ್ಣ ಯಾರದು?"

"ನನ್ನದೇ ಸರ್. ಕೈ ಒರೆಸಿದ್ದು."

"ಈ ಸಾಲಲ್ಲಿ ಒಂದು ಮರಕ್ಕೂ ಬಣ್ಣ ಇಲ್ಲ. ಮತ್ತೆ ಇಲ್ಲಿಗೆ ಬಂದು ಬಳಿದಿದ್ದು ಏನಕ್ಕೆ?"

ಇದೇ ಹೊತ್ತಿಗೆ ಟ್ರಾಕ್ಟರ್ ನಿಂತ ಸದ್ದಾಯಿತು. ಅಕ್ಕ ಚೀಲ ಹಿಡಿದು ಸಾಲಿನ ನಡುವೆ ನಡೆದು ಬಂದು ಜನರ ಹಿಂದೆ ನಿಂತಳು. ಭಾವ ಅವಳನ್ನು ಕಂಡರು. ಸುಮ್ಮನಿದ್ದರೆ ಮರ ಹೋಗುತ್ತದೆ, ಅದು ಬಿದ್ದ ಏಟಿಗೆ ಗೆಡ್ಡೆಯೂ ಹೋಗುತ್ತದೆ. ಬಾಯಿ ಬಿಟ್ಟರೆ ಬಣ್ಣ ಬಯಲು, ಬಂದವಳು ತಿರುಗಿ ಹೋಗಬಹುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ಭಾವ ಎಲೆಯ ಕಡೆ ನೋಡಿಬಿಟ್ಟರು. ಅವರು ನೋಡಿದ್ದರಿಂದ ಎಲ್ಲರೂ ನೋಡಿದರು.

ಅಕ್ಕ ಹಗ್ಗ ದಾಟಿ ಬಂದು ಎಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಹಳದಿ ಸಿಪ್ಪೆಯಾಗಿ ಉದುರಿತು.

"ಹಸಿರೇ ಇದೆ," ಅಂದಳು. "ಹಾಗಾದ್ರೆ ನಾನಿನ್ನೂ ಬರೋ ಹೊತ್ತಾಗಿಲ್ಲ. ಟ್ರಾಕ್ಟರ್ ನಿಂತೇ ಇದೆ."

ಭಾವ ಮರ ಬಿಡಲಿಲ್ಲ. ಮರಕ್ಕೆ ಕೆನ್ನೆ ಇಟ್ಟೇ ಹೇಳಿದರು: "ಹೋಗ್ಬೇಡ."

"ಯಾಕೆ? ಇಲ್ಲೇನು ಬೆಳಗಾಗಲ್ವಾ?"

"ಆಗುತ್ತೆ. ದಿನಾ ಆಯ್ತು. ಆದ್ಮೇಲೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ." ಆಮೇಲೆ ಅವಳ ಕಡೆ ತಿರುಗಿ, "ಎಲೆ ಯಾವ ಬಣ್ಣಾನೇ ಇರ್ಲಿ, ನೀನು ಇರು. ನೀನಿಲ್ದೆ ನನಗಾಗಲ್ಲ" ಅಂದರು.

ಅರ್ಧ ತೋಟದ ಮುಂದೆ ಹೇಳಿದ ಮಾತು. ಮೇಸ್ತ್ರಿ ಗರಗಸ ಕೆಳಗಿಟ್ಟ. ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಅಧಿಕಾರಿ ಮಾತ್ರ, ಇದನ್ನು ಯಾವ ಕಾಲಮ್ಮಿಗೆ ಹಾಕಬೇಕೆಂದು ಪುಟ ತಿರುವುತ್ತಿದ್ದರು.

ಅಕ್ಕ ಭಾವನ ಅಂಗಿಯ ಪಿನ್ನುಗಳನ್ನು ನೋಡಿದಳು. "ಗುಂಡಿ ಎಲ್ಲಿ?" ಭಾವ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಕೈಗಿಟ್ಟರು. "ಒಂದೂ ಕಳೆದಿಲ್ಲ," ಅಂದರು. ಅಕ್ಕ ಪೊಟ್ಟಣ ಅಲುಗಿಸಿ ಸದ್ದು ಕೇಳಿ, ಮುಖ ಆ ಕಡೆ ತಿರುಗಿಸಿಕೊಂಡು, ಯಾರಿಗೋ ಅಂದಳು: "ಗುದ್ದಲಿ ಕೊಡಿ. ನೆಟ್ಟವಳು ನಾನು, ಅಗೆಯೋಳೂ ನಾನೇ."

"ಎಲೆ ಹಸಿರಿದೆ, ಫಲಕದ ಪ್ರಕಾರ..." ಎಂದು ಅಧಿಕಾರಿ ಶುರು ಮಾಡಿದರು.

"ಫಲಕ ಇರೋದು ನಾನು ಬರೋ ತನಕ. ಬಂದಾಯ್ತು."

ಅಗೆದರು. ಒಂದಡಿ ಕೆಳಗೆ ಕಂದು ಬೆನ್ನು ಕಂಡಿತು. "ಬಂತು," ಅಂದಳು ಬೆರಳಜ್ಜಿ. ಮೇಸ್ತ್ರಿಯ ಆಳುಗಳೂ ಕೈ ಹಾಕಿದರು. ಬೆನ್ನು ಮುಂದುವರಿಯಿತು. ಎರಡಡಿ, ಮೂರಡಿ. ಅಧಿಕಾರಿ ಉದ್ದ ಕೂಗಿ ಹೇಳುತ್ತ ಬರೆದರು. ನಾಲ್ಕಡಿ ಆದಾಗ ಹೊಸ ಪುಟ ತಿರುವಿದರು. ಆಮೇಲೆ ಬೆನ್ನು ಮೇಲಕ್ಕೆ ತಿರುಗಿ ನೆಟ್ಟಗೆ ಮರದೊಳಗೆ ಹೋಯಿತು.

ಮರ ಬಲ್ಲವನು ಮೇಸ್ತ್ರಿ. ಬಗ್ಗಿ ಬೆರಳಿನಿಂದ ತಟ್ಟಿ ನೋಡಿದ. "ಇದು ಗೆಡ್ಡೆ ಅಲ್ಲಮ್ಮ. ಬೇರು. ತೇಗದ್ದು."

ಹನ್ನೊಂದು ತಿಂಗಳ ನೀರನ್ನೂ ಗೊಬ್ಬರವನ್ನೂ ಮರ ಒಂದು ತೊಟ್ಟು ಬಿಡದೆ ಕುಡಿದಿತ್ತು. ಬೇರಿನ ಕಂಕುಳಲ್ಲಿ ಅಕ್ಕ ನೆಟ್ಟ ಗೆಡ್ಡೆ ಸಿಕ್ಕಿತು. ತೆಂಗಿನಕಾಯಿಯಷ್ಟು ನೆಟ್ಟದ್ದು ನಿಂಬೆಹಣ್ಣಿನಷ್ಟಾಗಿತ್ತು. ನೆರಳಿನಲ್ಲಿ ಬರೀ ಎಲೆ ಬೆಳೆದಿದ್ದರು ಭಾವ. ಬೆಟ್ಟ ಅಗೆದು ಇಲಿ ಹಿಡಿದದ್ದನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಎಲ್ಲರೂ ಬೆರಳಜ್ಜಿಯ ಕಡೆ ತಿರುಗಿದರು. ಅವಳು ತನ್ನ ನಾಲ್ಕು ಬೆರಳು ಹಿಡಿದು ನೋಡಿಕೊಂಡು, "ಬೆರಳು ಸರಿಯಾಗೇ ಹೇಳಿತ್ತು. ಯಾರದು ಅಂತ ಮಾತ್ರ ಹೇಳಿರ್ಲಿಲ್ಲ" ಅಂದಳು.

ಮ್ಯಾನೇಜರು ಟೇಪು ತರಿಸಿ ಮುನ್ನೂರ ಹನ್ನೆರಡಕ್ಕೆ ಸುತ್ತಿಸಿದರು. ಐವತ್ತೆರಡು. "ಪುಸ್ತಕದಲ್ಲಿ ಮೂವತ್ತೊಂಬತ್ತು ಅಂತ ಇದೆಯಲ್ರೀ?"

"ಅಳತೆ ತಪ್ಪು ಅಂದ್ಕೊಂಡೆ ಸರ್."

"ಇಡೀ ತೋಪಲ್ಲಿ ಇಂಥ ಮರ ಇಲ್ಲ. ಉಳಿದವಕ್ಕೂ ಹೀಗೇ ನೋಡಿಕೊಳ್ಳಿ ಹಾಗಾದ್ರೆ."

"ಒಂಬೈನೂರು ಸಲ ಹೆಂಡತೀನ ಕಳಿಸೋಕಾಗಲ್ಲ ಸರ್," ಅಂದರು ಭಾವ. ಬೀಗ ತೆಗೆದಿತ್ತು, ಇನ್ನು ಕೇಳಬೇಕೆ.

ಅಧಿಕಾರಿ ಫಾರಮ್ಮಿನ ಕೊನೆಯ ಪುಟದಲ್ಲಿ 'ಗೆಡ್ಡೆ ಉತ್ತಮವಾಗಿ ಬೆಳೆದಿದೆ. ಆದರೆ ಮರಕ್ಕೆ ಸೇರಿದ್ದು' ಎಂದು ಬರೆದು ಸಹಿ ಹಾಕಿ ಹೋದರು. ಹಗ್ಗ ಬಿಚ್ಚಿಸಿದರು. ಫಲಕ ಇನ್ನೂ ಅಲ್ಲೇ ಇದೆ. ತೋಪಿನಲ್ಲಿ ನೆರಳು ಮುಚ್ಚುತ್ತಿದೆ, ಬರುವ ವರ್ಷ ಎಲ್ಲರೂ ಎಳೆಯ ತೋಪಿಗೆ ಹೋಗುತ್ತೇವೆ. ಅಕ್ಕ ನಿಂಬೆಹಣ್ಣಿನಷ್ಟಿದ್ದ ಗೆಡ್ಡೆಯನ್ನು ಒರೆಸಿ, ಬಿತ್ತನೆಗೆಂದು ಚೀಲಕ್ಕೆ ಹಾಕಿಕೊಂಡಳು.

ಆ ಭಾನುವಾರ ಹತ್ತು ಗಂಟೆಗೆ ದೊಡ್ಡಕ್ಕನಿಗೆ ಉತ್ತರ ಹೇಳಬೇಕಿತ್ತು. ಇಬ್ಬರೂ ತೂಕದ ಕಟ್ಟೆ ಹತ್ತಿದರು. ಭಾವನ ಅಂಗಿಗೆ ಎಲ್ಲ ಗುಂಡಿಗಳೂ ಇದ್ದವು. ಅಕ್ಕ ಫೋನಿನಲ್ಲಿ, "ಬರಲ್ಲ ಕಣೇ. ಒಂದು ಯಂತ್ರ ಕಳಿಸು, ಇಲ್ಲೇ ಹೊಲೀತೀನಿ" ಅಂದಳು. ನಾನು ಅಭ್ಯಾಸಬಲದಿಂದ ಮುಳ್ಳು ನೋಡಿದೆ. ನೂರ ಒಂಬತ್ತು. ಹಳೆಯ ಚೀಟಿ ತೆಗೆದೆ. ಹೋಗುವ ದಿನ ನೂರ ಇಪ್ಪತ್ತೆರಡು. ಭಾವನದು ಎಂಟು ಕಿಲೋ ಇಳಿದದ್ದನ್ನು ನಾನೇ ವಾರ ವಾರ ಕಂಡಿದ್ದೆ. ಉಳಿದ ಐದು ಕಿಲೋ ಎಲ್ಲಿ ಹೋಯಿತು ಎಂದು ಮತ್ತೆ ಲೆಕ್ಕ ಹಾಕಿದೆ. ಪ್ರತಿ ಭಾನುವಾರ ಆ ಕಡೆಯಿಂದ 'ಸರಿ, ಇಡ್ಲಾ' ಅನ್ನುತ್ತಿದ್ದವಳ ಮುಖ ನೋಡಿದೆ.

"ಅಕ್ಕ, ನಿನ್ನದೂ ಐದು ಕಿಲೋ ಕಡಿಮೆಯಾಗಿದೆ."

"ನಿನ್ನ ತೂಕದ ಯಂತ್ರ ಕೆಟ್ಟಿರ್ಬೇಕು," ಅಂದಳು ಅಕ್ಕ, ಬೇರೆ ಕಡೆ ನೋಡುತ್ತ.

ಭಾವ ಬಗ್ಗಿ ಮುಳ್ಳನ್ನು ಬಹಳ ಹೊತ್ತು ನೋಡಿದರು. "ಯಂತ್ರ ಸರಿಯಾಗೇ ಇದೆ," ಅಂದರು. "ನಾನೂ ಮೊದಲು ಅಳತೆ ತಪ್ಪು ಅಂತಾನೇ ಬರೆದಿದ್ದೆ."

ದೊಡ್ಡಕ್ಕ ಫೋನು ಇಟ್ಟು ಆಗಲೇ ಹೊತ್ತಾಗಿತ್ತು. ಗೆಣಸಿನ ಬುಟ್ಟಿಗಳನ್ನು ಹೊತ್ತ ಆಳುಗಳು ಕಟ್ಟೆ ಖಾಲಿಯಾಗಲೆಂದು ಸಾಲಾಗಿ ನಿಂತಿದ್ದರು. ಇವರಿಬ್ಬರೂ ಇಳಿಯಲಿಲ್ಲ, ನಾನೂ ಇಳಿಯಿರಿ ಅನ್ನಲಿಲ್ಲ.